ಹೆತ್ತವರನ್ನು ಕಳೆದುಕೊಂಡ ಮಕ್ಕಳೂ ಹಕ್ಕಿ ನೋಡುವ ಹವ್ಯಾಸವೂ

ಮನೆಯಲ್ಲಿ ಸಾವು ಸಂಭವಿಸಿದಾಗ ಊರೆಲ್ಲ ಬಂದು ದೊಡ್ಡವರನ್ನು ಸಂತೈಸುತ್ತದೆ. ಮಕ್ಕಳನ್ನು ಮಾತ್ರ ಪಕ್ಕದ ಮನೆಗೆ ಕಳುಹಿಸಿ, ಕೈಗೆ ಒಂದಿಷ್ಟು ತಿಂಡಿ ಕೊಟ್ಟು, "ಅವಕ್ಕೇನು ತಿಳಿಯುತ್ತದೆ" ಎಂದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ದಿನಗಳು ಕಳೆದು ನೆಂಟರು ಹೊರಟುಹೋಗುತ್ತಾರೆ. ಮಗು ಮತ್ತೆ ಶಾಲೆಗೆ ಹೋಗುತ್ತದೆ, ಆಡುತ್ತದೆ, ನಗುತ್ತದೆ. ಅದನ್ನು ಕಂಡು ಹಿರಿಯರು "ಸದ್ಯ, ಮರೆಯಿತಲ್ಲ" ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಮಗು ಮರೆತಿರುವುದಿಲ್ಲ. ಅದು ಯಾರೊಡನೆ, ಯಾವ ಮಾತಿನಲ್ಲಿ ತನ್ನ ದುಃಖವನ್ನು ಹೇಳಿಕೊಳ್ಳಬೇಕೆಂಬುದನ್ನು ಅರಿಯದೆ ಸುಮ್ಮನಿರುತ್ತದೆ, ಅಷ್ಟೆ. ಇಂಥ ಮಕ್ಕಳನ್ನು ಒಂದೆರಡು ದಿನ ಬಯಲಿಗೆ ಕರೆದೊಯ್ದು, ಅವರೊಡನೆ ಒಂದು ಹವ್ಯಾಸವನ್ನು ಹಂಚಿಕೊಳ್ಳುವುದರಿಂದ ಆಗುವ ಪ್ರಯೋಜನವೇನು, ಅದನ್ನು ಹೇಗೆ ಮಾಡಬೇಕು, ಎಲ್ಲಿ ಎಚ್ಚರವಹಿಸಬೇಕು ಎಂಬುದನ್ನು ರಾಯಚೂರು, ದೇವದುರ್ಗ, ಮಾನ್ವಿಗಳ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಮಕ್ಕಳ ದುಃಖದ ಸ್ವಭಾವವನ್ನು ತಿಳಿದುಕೊಳ್ಳೋಣ. ದೊಡ್ಡವರ ದುಃಖ ಹೊಳೆಯಂತೆ. ಒಮ್ಮೆ ಇಳಿದರೆ ದಾಟುವವರೆಗೂ ನೀರಿನಲ್ಲೇ ಇರಬೇಕು. ಮಕ್ಕಳ ದುಃಖ ಮಳೆಗಾಲದ ಬೀದಿಯಲ್ಲಿ ನಿಂತ ನೀರಿನಂತೆ. ಒಂದು ಗುಂಡಿಗೆ ಕಾಲಿಡುತ್ತಾರೆ, ಹೊರಗೆ ನೆಗೆಯುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಇನ್ನೊಂದಕ್ಕೆ ಇಳಿಯುತ್ತಾರೆ. ಈಗ ಅತ್ತ ಮಗು ಐದು ನಿಮಿಷದಲ್ಲಿ ಗೋಲಿ ಆಡಲು ಓಡಿದರೆ ಅದು ಕಲ್ಲೆದೆಯಲ್ಲ. ಮಕ್ಕಳ ಮನಸ್ಸು ತನ್ನನ್ನು ತಾನು ಕಾಯ್ದುಕೊಳ್ಳುವ ರೀತಿ ಅದು. ಹಾಲೆಂಡಿನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬುವರು ೧೯೯೯ರಲ್ಲಿ ಇದಕ್ಕೆ ಹತ್ತಿರವಾದ ಮಾತನ್ನೇ ಹೇಳಿದರು. ಅಗಲಿಕೆಯ ನೋವಿನ ಕಡೆಗೊಮ್ಮೆ, ದಿನನಿತ್ಯದ ಬಾಳಿನ ಕಡೆಗೊಮ್ಮೆ ಮನಸ್ಸು ತೂಗುಯ್ಯಾಲೆಯಂತೆ ಓಲಾಡುವುದೇ ಆರೋಗ್ಯದ ಲಕ್ಷಣ. ಒಂದೇ ಕಡೆ ಸಿಕ್ಕಿಕೊಂಡು ನಿಲ್ಲುವುದು ಅಪಾಯ ಎಂಬುದು ಅವರ ವಾದದ ಸಾರ.

ಸಿಕ್ಕಿಕೊಳ್ಳುವ ಮಕ್ಕಳೂ ಉಂಟು. ಅಮೆರಿಕದ ಬಾಸ್ಟನ್ ನಗರದ ಸುತ್ತಿನಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ೧೨೫ ಮಕ್ಕಳನ್ನು ಹಾರ್ವರ್ಡ್‌ನ ವಿದ್ವಾಂಸರು ಎರಡು ವರ್ಷ ಅನುಸರಿಸಿ ನೋಡಿದರು. ಹೆಚ್ಚಿನ ಮಕ್ಕಳು ತಮ್ಮ ಮನೆಯವರ ಆಸರೆಯಲ್ಲೇ ಚೇತರಿಸಿಕೊಂಡರು. ಆದರೆ ಎರಡನೆಯ ವರ್ಷದಲ್ಲಿಯೂ ಐವರಲ್ಲಿ ಒಬ್ಬರಷ್ಟು ಮಕ್ಕಳು ಗಂಭೀರವಾದ ತೊಂದರೆಯಲ್ಲಿದ್ದರು. ಇದರಿಂದ ಎರಡು ಪಾಠಗಳು ದೊರೆಯುತ್ತವೆ. ದುಃಖದಲ್ಲಿರುವ ಪ್ರತಿಯೊಂದು ಮಗುವನ್ನೂ ರೋಗಿಯಂತೆ ಕಾಣಬಾರದು. ಹಾಗೆಯೇ, ಕಾಲವೇ ಎಲ್ಲವನ್ನೂ ಮಾಯಿಸುತ್ತದೆಂದು ಕೈಕಟ್ಟಿ ಕುಳಿತುಕೊಳ್ಳಲೂಬಾರದು.

ಈ ಎರಡರ ನಡುವಣ ಹಾದಿಯನ್ನು ಹಿಡಿದ ಕೆಲವು ಸಂಸ್ಥೆಗಳು ಹೊರನಾಡುಗಳಲ್ಲಿವೆ. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ೧೯೮೨ರಲ್ಲಿ ಪ್ರಾರಂಭವಾದ ಡಗ್ಗಿ ಸೆಂಟರ್‌ಗೆ ಮಿದುಳಿನ ಗಡ್ಡೆಯಿಂದ ತೀರಿಕೊಂಡ ಒಬ್ಬ ಹುಡುಗನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಒಂದೇ ಬಗೆಯ ನಷ್ಟ ಅನುಭವಿಸಿದ ಮಕ್ಕಳು ಕೂಡಿ ಆಡುತ್ತಾರೆ. ಸಿಟ್ಟು ಬಂದವರು ಗುದ್ದಿ ಒದೆಯಲೆಂದು ಮೆತ್ತೆ ಹಾಸಿದ "ಜ್ವಾಲಾಮುಖಿ ಕೋಣೆ"ಯೇ ಒಂದಿದೆ. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ೧೯೯೨ರಲ್ಲಿ ಹುಟ್ಟಿದ ವಿನ್‌ಸ್ಟನ್ಸ್ ವಿಶ್ ಎಂಬ ಸಂಸ್ಥೆ ವಾರದ ಕೊನೆಯ ವಸತಿ ಶಿಬಿರಗಳಿಂದ ಹೆಸರು ಗಳಿಸಿತು. ಇಂಥ ಶಿಬಿರಗಳಲ್ಲಿ ವೈದ್ಯರಿಗಿಂತ ಸ್ವಯಂಸೇವಕರೇ ಹೆಚ್ಚು. ಒಬ್ಬನಿಗೆ ದೋಣಿ ನಡೆಸಲು ಬರುತ್ತದೆ, ಒಬ್ಬಳಿಗೆ ಮೀನು ಹಿಡಿಯಲು ಬರುತ್ತದೆ, ಇನ್ನೊಬ್ಬರಿಗೆ ಬೆಟ್ಟ ಹತ್ತುವುದು ಗೊತ್ತು. ತಮಗೆ ಪ್ರಿಯವಾದುದನ್ನು ಅವರು ಮಕ್ಕಳಿಗೆ ಕಲಿಸುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೆ ಉದಾಹರಣೆಯಿಲ್ಲವೇ? ಉಂಟು, ಅದೂ ಶಿಬಿರವೆಂಬ ಹೆಸರು ಕೇಳಿಬರುವುದಕ್ಕಿಂತ ಬಹಳ ಮೊದಲಿನದು. ೧೮೯೬ರ ನವೆಂಬರ್ ೧೨ರಂದು ಮುಂಬಯಿಯಲ್ಲಿ ಒಂದು ಮಗು ಹುಟ್ಟಿತು. ಅದಕ್ಕೆ ಒಂದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷವಾಗಿದ್ದಾಗ ತಾಯಿ. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಮನೆಯಲ್ಲಿ ಬೆಳೆದ ಆ ಹುಡುಗ ಒಂದು ದಿನ ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಗಂಟಲಿನಲ್ಲಿ ಹಳದಿಯ ಮಚ್ಚೆಯಿತ್ತು. ಇದು ಯಾವ ಹಕ್ಕಿಯೆಂದು ಕೇಳಿದಾಗ ಮಾವನಿಗೂ ತಿಳಿಯಲಿಲ್ಲ. ೧೯೦೮ರಲ್ಲಿ ಒಂದು ಪರಿಚಯ ಪತ್ರದೊಡನೆ ಹುಡುಗ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದ. ಅಲ್ಲಿನ ಗೌರವ ಕಾರ್ಯದರ್ಶಿ ಡಬ್ಲ್ಯೂ. ಎಸ್. ಮಿಲರ್ಡ್ ಹುಡುಗನನ್ನು ಗದರಿಸಿ ಕಳುಹಿಸಲಿಲ್ಲ. ಹಕ್ಕಿಯ ಹೆಸರು ಹೇಳಿದರು. ಸಂಗ್ರಹದ ಪೆಟ್ಟಿಗೆಗಳನ್ನು ತೆರೆದು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧರಾದ ಡಾಕ್ಟರ್ ಸಲೀಂ ಅಲಿ. ರಾಯಚೂರು ನಿಜಾಮರ ಆಡಳಿತದಲ್ಲಿದ್ದ ಕಾಲದಲ್ಲಿ, ೧೯೩೧-೩೨ರಲ್ಲಿ, ಹೈದರಾಬಾದು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡವರೂ ಅವರೇ. ಆ ಹಳದಿ ಗಂಟಲಿನ ಗುಬ್ಬಿ ನಮ್ಮ ಬಯಲುಸೀಮೆಯ ಬೇವು ಜಾಲಿಗಳಲ್ಲಿಯೂ ಕಾಣಸಿಗುವ ಹಕ್ಕಿ.

ತಂದೆತಾಯಿಯಿಲ್ಲದ ಕೊರತೆಯನ್ನು ಹಕ್ಕಿಗಳು ತುಂಬಿಕೊಟ್ಟವೆಂದು ಹೇಳುವುದು ನಮ್ಮ ಅಧಿಕಾರವನ್ನು ಮೀರಿದ ಮಾತು. ನಾವು ಗಮನಿಸಬೇಕಾದುದು ಮಿಲರ್ಡ್ ಅವರ ನಡತೆಯನ್ನು. ಅವರದು ಮದ್ಯದ ವ್ಯಾಪಾರ, ಪಕ್ಷಿಶಾಸ್ತ್ರ ಹವ್ಯಾಸ, ಕಾರ್ಯದರ್ಶಿತ್ವ ಸಂಬಳವಿಲ್ಲದ ಕೆಲಸ. ಅವರು ಹುಡುಗನಿಗೆ ಸಮಾಧಾನದ ಮಾತು ಹೇಳಲಿಲ್ಲ, ಕನಿಕರ ತೋರಿಸಲಿಲ್ಲ. ಅವನ ಪ್ರಶ್ನೆಯನ್ನು ದೊಡ್ಡವರ ಪ್ರಶ್ನೆಯಂತೆ ಗೌರವದಿಂದ ಕೇಳಿದರು. ಸ್ವಯಂಸೇವಕನ ಕೆಲಸದ ಅರ್ಧ ಭಾಗ ಇದರಲ್ಲಿಯೇ ಅಡಗಿದೆ.

ದುಃಖದಲ್ಲಿರುವ ಮಕ್ಕಳಿಗೆ ಹಕ್ಕಿ ನೋಡುವ ಹವ್ಯಾಸವೇ ಏಕೆ ಒಗ್ಗುತ್ತದೆ? ಇದಕ್ಕೆ ಕಾರಣಗಳಿವೆ. ಇದರಲ್ಲಿ ಸೋಲುಗೆಲುವಿಲ್ಲ. ಸುಮ್ಮನಿರುವುದು ಇಲ್ಲಿ ದೋಷವಲ್ಲ, ಗುಣ. ಮಾತನಾಡಲಾರದ ಮಗು ಇಲ್ಲಿ ಹಿಂದುಳಿಯುವುದಿಲ್ಲ. ಮುಖಕ್ಕೆ ಮುಖ ಕೊಟ್ಟು "ನಿನಗೆ ಹೇಗನ್ನಿಸುತ್ತದೆ?" ಎಂದು ಕೇಳಿದರೆ ಮಗು ತಲೆ ತಗ್ಗಿಸುತ್ತದೆ. ಅದೇ ಮಗು ಪಕ್ಕದಲ್ಲಿ ಕುಳಿತು, ಇಬ್ಬರೂ ಒಂದೇ ಮರವನ್ನು ನೋಡುತ್ತಿರುವಾಗ, ಕೇಳದೆಯೇ ತನ್ನ ಮಾತನ್ನು ತೆಗೆಯುವುದುಂಟು. ಇನ್ನೊಂದು ಸಂಗತಿ: ಅಪ್ಪನೋ ಅವ್ವನೋ ಸತ್ತ ಮಗುವನ್ನು ಎಲ್ಲರೂ "ಪಾಪ" ಎಂದು ನೋಡುತ್ತಾರೆ. ಹಗಲೆಲ್ಲ ಆ ನೋಟವನ್ನು ಹೊತ್ತ ಮಗುವಿಗೆ, ತಾನು ನೋಡುವವನಾಗಿ ಬೇರೇನನ್ನೋ ನೋಡುವ ಅವಕಾಶ ಸಿಕ್ಕುವುದೇ ಒಂದು ಬಿಡುಗಡೆ.

ನಮ್ಮ ಜಿಲ್ಲೆ ಬರಡೆಂದು ಹೇಳುವವರು ಅದನ್ನು ಬೆಳಗಿನ ಆರು ಗಂಟೆಗೆ ನೋಡಿಲ್ಲ. ರಾಯಚೂರು ನಗರದಲ್ಲಿ ಮಾವಿನಕೆರೆಯಿದೆ, ಕೋಟೆಯ ಗುಡ್ಡವಿದೆ. ಬಂಡೆಯ ಸಂದುಗಳಲ್ಲಿ ಪಾರಿವಾಳ, ಮೇಲೆ ತೇಲುವ ಹದ್ದು, ನೀರಂಚಿನಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ. ದೇವದುರ್ಗದ ಕಡೆ ಹತ್ತಿ ತೊಗರಿಗಳ ಹೊಲ, ಕಲ್ಲುಗುಡ್ಡ, ಹೂವಿನಹೆಡಗಿಯ ಬಳಿ ಕೃಷ್ಣೆಯ ದಂಡೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಬತ್ತದ ಗದ್ದೆಗಳು. ಟ್ರ್ಯಾಕ್ಟರಿನ ಹಿಂದೆ ಸಾಲುಗಟ್ಟಿ ನಡೆಯುವ ಗೋವಕ್ಕಿಗಳು ಕದಡಿದ ಮಣ್ಣಿನಿಂದ ಎದ್ದ ಹುಳುಗಳನ್ನು ಹೆಕ್ಕುವ ನೋಟವೇ ಒಂದು ಪಾಠ. ತಂತಿಯ ಮೇಲೆ ಮಂಕು ಕಂದುಬಣ್ಣದಲ್ಲಿ ಕುಳಿತ ಹಕ್ಕಿ ರೆಕ್ಕೆ ಬಿಚ್ಚಿದೊಡನೆ ಕಡುನೀಲಿ ಮಿಂಚುತ್ತದೆ. ಅದೇ ನೀಲಕಂಠ, ನಮ್ಮ ರಾಜ್ಯಪಕ್ಷಿ. ದಸರೆಯಂದು ಅದರ ದರ್ಶನ ಶುಭವೆಂದು ಹಿರಿಯರು ನಂಬಿದ್ದಾರೆ. ಜೋಳದ ತೆನೆ ಕಟ್ಟುವ ಕಾಲಕ್ಕೆ ಗುಲಾಬಿ ಮೈನಾಗಳ ಹಿಂಡು ಮಧ್ಯ ಏಷ್ಯಾ, ಪೂರ್ವ ಯುರೋಪುಗಳಿಂದ ಹಾರಿ ಬಂದು ಹೊಲಕ್ಕೆ ಇಳಿಯುತ್ತದೆ. ಇದನ್ನೆಲ್ಲ ಬೇಸಿಗೆಯ ರಜೆಯಲ್ಲಿ ನೋಡಹೋದರೆ ನಮ್ಮ ಬಿಸಿಲು ಮಕ್ಕಳನ್ನು ಬೇಯಿಸುತ್ತದೆ. ದಸರೆಯ ರಜೆ, ಇಲ್ಲವೇ ಡಿಸೆಂಬರ್-ಜನವರಿಯ ಒಂದು ಶನಿವಾರ-ಭಾನುವಾರ ಸರಿಯಾದ ಕಾಲ.

ಈಗ ಎಚ್ಚರದ ಮಾತುಗಳು. ಮೊದಲನೆಯದು ವಲಸೆಯನ್ನು ಕುರಿತದ್ದು. ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಬಾತುಗಳ ಕಥೆ ಯಾರಿಗೆ ರುಚಿಸುವುದಿಲ್ಲ? ಹೋದ ಹಕ್ಕಿ ಮರಳಿ ಬರುತ್ತದೆಂಬ ಮಾತು ಸ್ವಯಂಸೇವಕನ ನಾಲಗೆಯ ತುದಿಗೆ ತಾನಾಗಿ ಬರುತ್ತದೆ. ಆದರೆ ನಮ್ಮ ಸೀಮೆಯ ಸ್ಥಿತಿಯನ್ನು ಯೋಚಿಸಿರಿ. ದೇವದುರ್ಗ, ಮಾನ್ವಿಗಳ ಎಷ್ಟೋ ಮನೆಗಳಿಂದ ಸುಗ್ಗಿ ಮುಗಿದ ಮೇಲೆ ಜನ ಬೆಂಗಳೂರಿಗೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ; ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಇಂಥ ಊರಿನಲ್ಲಿ ಅಪ್ಪ ಸತ್ತ ಮಗುವಿಗೆ "ಅಪ್ಪ ದುಡಿಯಾಕ ಹೋಗ್ಯಾನ" ಎಂದು ಹೇಳಿಬಿಡುವುದು ಬಹಳ ಸುಲಭ. ಉಳಿದ ಮಕ್ಕಳ ಅಪ್ಪಂದಿರು ಹಬ್ಬಕ್ಕೋ ಮುಂಗಾರಿಗೋ ಮರಳುತ್ತಾರೆ. ಈ ಮಗುವಿನ ಅಪ್ಪ ಮರಳುವುದಿಲ್ಲ. ಪ್ರತಿ ಬಸ್ಸು ಬಂದಾಗಲೂ ಅದು ನೋಡುತ್ತದೆ. ಕೊನೆಗೆ, ಅಪ್ಪನಿಗೆ ತಾನು ಬೇಡವಾದೆನೆಂದು ತಿಳಿಯುತ್ತದೆ. ಆ ಮಗುವಿನ ಮುಂದೆ ಮರಳಿ ಬರುವ ಹಕ್ಕಿಯ ಉಪಮೆಯನ್ನು ಹೇಳುವುದೆಂದರೆ ಹಳೆಯ ಸುಳ್ಳಿಗೆ ಹೊಸ ರೆಕ್ಕೆ ಹಚ್ಚಿದಂತೆ. "ಹಕ್ಕಿ ವಲಸೆ ಹೋಗುತ್ತದೆ, ಬರುತ್ತದೆ. ಸತ್ತವರು ಬರುವುದಿಲ್ಲ. ಎರಡೂ ಬೇರೆ ಬೇರೆ" ಎಂದು ನೇರವಾಗಿ, ಮೆಲ್ಲಗೆ ಹೇಳಬೇಕು. "ಮಲಗಿದ್ದಾರೆ", "ದೂರದ ಊರಿಗೆ ಹೋಗಿದ್ದಾರೆ" ಎಂಬ ಮಾತುಗಳೂ ಹೀಗೆಯೇ. ಮಲಗಲು ಹೆದರುವ, ಪ್ರಯಾಣಕ್ಕೆ ಹೆದರುವ ಮಕ್ಕಳನ್ನು ಅವು ಸೃಷ್ಟಿಸುತ್ತವೆ. "ಸತ್ತರು" ಎಂಬ ಮಾತು ಕಠಿಣ. ಆದರೆ ಅದು ಮಗುವನ್ನು ಮೋಸಗೊಳಿಸುವುದಿಲ್ಲ. ಹೀಗೆ ಹೇಳುವ ಮುನ್ನ ಮನೆಯವರೊಡನೆ ಮಾತನಾಡಿ ಅವರ ಒಪ್ಪಿಗೆ ಪಡೆಯುವುದು ಅಗತ್ಯ. ನಿಜವನ್ನು ಮೊದಲು ಹೇಳಬೇಕಾದವರು ಮನೆಯವರೇ.

ಎರಡನೆಯದು ಗೂಬೆಯ ವಿಷಯ. ಗೂಬೆ ಕೂಗಿದರೆ ಸಾವು, ಹಾಲಕ್ಕಿ ನುಡಿದರೆ ಶಕುನ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಏಳೆಂಟು ವರ್ಷದ ಮಗು ಕಾರಣ ಹುಡುಕುವುದರಲ್ಲಿ ನಿಪುಣ. ಆದರೆ ಸಿಕ್ಕ ಕಾರಣವನ್ನು ತೂಗಿ ನೋಡಲು ಅದಕ್ಕೆ ಬಾರದು. "ಗೂಬೆ ಕೂಗಿದ್ದು ನನಗೆ ಕೇಳಿಸಿತ್ತು, ನಾನು ಯಾರಿಗೂ ಹೇಳಲಿಲ್ಲ, ಅದಕ್ಕೇ ಅವ್ವ ಸತ್ತಳು" ಎಂಬಂಥ ಅಪರಾಧಭಾವವನ್ನು ಅದು ಎದೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಬಾಳಬಹುದು. ಶಿಬಿರದಲ್ಲಿ ಇದಕ್ಕೆ ಉಪನ್ಯಾಸ ಬೇಡ. ಸಂಜೆ ಹುಣಸೆಮರದ ಪೊಟರೆಯಿಂದ ಹಾಲಕ್ಕಿಯ ಜೋಡಿ ಹೊರಬರುವುದನ್ನು ತೋರಿಸಿರಿ. ಅವು ಇಲಿಯನ್ನೂ ಹುಳುವನ್ನೂ ತಿಂದು ರೈತನಿಗೆ ಉಪಕಾರ ಮಾಡುವ ಬಡಪಾಯಿ ಹಕ್ಕಿಗಳು. ಎಷ್ಟು ಬಾರಿ ಕೂಗಿದವೆಂದು ಮಕ್ಕಳೇ ಟಿಪ್ಪಣಿ ಪುಸ್ತಕದಲ್ಲಿ ಬರೆಯಲಿ. ಬೆಳಗಾದ ಮೇಲೆ ಎಲ್ಲರೂ ಕೂಡಿ ಉಪ್ಪಿಟ್ಟು ತಿನ್ನುವಾಗ ಆ ಲೆಕ್ಕವನ್ನು ಓದಿಸಿರಿ. ರಾತ್ರಿಯೆಲ್ಲ ಕೂಗಿದರೂ ಯಾರಿಗೂ ಏನೂ ಆಗಲಿಲ್ಲವೆಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಹೇಳಿಸಿಕೊಂಡ ಮಾತಿಗಿಂತ ತಾನು ಬರೆದುಕೊಂಡ ಲೆಕ್ಕವನ್ನು ಅದು ಹೆಚ್ಚು ನಂಬುತ್ತದೆ.

ಮೂರನೆಯದು ಕಾಗೆ. ಕೆಲವು ಮನೆಗಳಲ್ಲಿ ಪಿಂಡವನ್ನು ಕಾಗೆ ಮುಟ್ಟುವುದನ್ನು ಕಾದು ನೋಡಿದ ಮಗು ಶಿಬಿರದಲ್ಲಿ, "ಆ ಕಾಗೆ ನಮ್ಮಪ್ಪನೇನ್ರೀ?" ಎಂದು ಕೇಳಬಹುದು. ಸ್ವಯಂಸೇವಕನು ಇಲ್ಲಿ ಪುರೋಹಿತನೂ ಆಗಬಾರದು, ಖಂಡನಕಾರನೂ ಆಗಬಾರದು. "ನಿಮ್ಮ ಮನೆಯಲ್ಲಿ ಹಾಗೆ ಹೇಳುತ್ತಾರೆಯೇ? ಅದನ್ನು ನೋಡಿದಾಗ ಅಪ್ಪನ ನೆನಪಾಗುತ್ತದೆಯೇ?" ಎಂದು ಕೇಳಿ, ಮಗುವಿನ ಮಾತಿಗೆ ಕಿವಿಗೊಟ್ಟರೆ ಸಾಕು. ಆಮೇಲೆ ಬೇಕಾದರೆ ಬೂದುಗೊರಳಿನ ಊರಕಾಗೆಗೂ ಮೈಯೆಲ್ಲ ಕಪ್ಪಾದ ಕಾಡಕಾಗೆಗೂ ಇರುವ ಭೇದವನ್ನು ತೋರಿಸಬಹುದು. ಬೇರೆ ಬೇರೆ ಮತದ ಮಕ್ಕಳು ಒಂದೆಡೆ ಸೇರುವ ಶಿಬಿರದಲ್ಲಿ ಈ ಸಂಯಮ ಇನ್ನೂ ಮುಖ್ಯ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಎರಡು ದಿನ ಪ್ರೀತಿಯಿಂದ ನಡೆಸಿಕೊಂಡು, ಮೂರನೆಯ ದಿನ ಕಾಣದಂತಾಗುವ ಸ್ವಯಂಸೇವಕ ಆ ಮಗುವಿನ ಪಾಲಿಗೆ ಮತ್ತೊಂದು ಅಗಲಿಕೆ. "ಮುಂದಿನ ವಾರ ಬರುತ್ತೇನೆ" ಎಂದು ಸೌಜನ್ಯಕ್ಕಾಗಿ ಆಡಿದ ಮಾತನ್ನು ಮಗು ದಿನವೆಣಿಸಿ ಕಾಯುತ್ತದೆ. ಆದ್ದರಿಂದ ಬರಲಾಗದವನು ಬರುತ್ತೇನೆನ್ನಬಾರದು. ವರ್ಷದಲ್ಲಿ ನಾಲ್ಕು ಬಾರಿ, ಮೊದಲೇ ಗೊತ್ತುಪಡಿಸಿದ ದಿನಗಳಲ್ಲಿ, ಅದೇ ಮಕ್ಕಳನ್ನು ಅದೇ ಜನ ಕಾಣುವ ಏರ್ಪಾಡು ಒಂದು ವೈಭವದ ಶಿಬಿರಕ್ಕಿಂತ ಮೇಲು. ಸಲೀಂ ಅಲಿಯವರ ಜನ್ಮದಿನವಾದ ನವೆಂಬರ್ ೧೨ರ ವಾರ ಒಂದು, ದೇಶದಾದ್ಯಂತ ಹವ್ಯಾಸಿಗಳು ಹಕ್ಕಿ ಎಣಿಸುವ ಫೆಬ್ರವರಿಯಲ್ಲಿ ಒಂದು, ಚಾತಕ ಬರುವ ಮುಂಗಾರಿನಲ್ಲಿ ಒಂದು, ದಸರೆಯಲ್ಲಿ ಒಂದು. ಬೀಳ್ಕೊಡುವಾಗ ಮಕ್ಕಳಿಗೆ ಕಾಣದಂತೆ ನುಣುಚಿಕೊಳ್ಳದೆ, ಪ್ರತಿಯೊಬ್ಬರ ಹೆಸರು ಹಿಡಿದು ಹೇಳಿ ಹೋಗಬೇಕು. ಸಾವು ಅನೇಕ ಮಕ್ಕಳಿಗೆ ವಿದಾಯ ಹೇಳುವ ಅವಕಾಶವನ್ನೇ ಕೊಟ್ಟಿರುವುದಿಲ್ಲ.

ಇಂಥ ಕೆಲಸಕ್ಕೆ ಸಾಮಗ್ರಿ ಬಹಳ ಬೇಡ. ಎಂಟು ಪಟ್ಟು ಹತ್ತಿರ ತೋರಿಸುವ ದುರ್ಬೀನು ಇಬ್ಬರಿಗೊಂದು ಇದ್ದರೆ ಸಾಲದೆಂದಿಲ್ಲ. ಒಬ್ಬರು ನೋಡುವಾಗ ಇನ್ನೊಬ್ಬರು ಬರೆಯಲಿ, ಹಂಚಿಕೊಳ್ಳುವುದೂ ಒಂದು ಸ್ನೇಹ. ಸೂರ್ಯನ ಕಡೆಗೆ ಅದನ್ನು ತಿರುಗಿಸಬಾರದೆಂಬುದನ್ನು ಮೊದಲು ಕಲಿಸಬೇಕು. ದಿನ, ಹೊತ್ತು, ಸ್ಥಳ, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು, ಇಷ್ಟನ್ನು ಬರೆದುಕೊಳ್ಳಲು ಒಂದು ನೋಟುಪುಸ್ತಕ. ಗುರುತಿಸಲು ಪೂರ್ಣಚಂದ್ರ ತೇಜಸ್ವಿಯವರ "ಕನ್ನಡ ನಾಡಿನ ಹಕ್ಕಿಗಳು" ಎಂಬ ಪುಸ್ತಕ ಕನ್ನಡದಲ್ಲಿಯೇ ಇದೆ. ಹೆಸರು ಗೊತ್ತಾಗದಿದ್ದರೆ ಮಕ್ಕಳೇ ತಮ್ಮ ಊರಿನ ಹೆಸರು ಹೇಳಲಿ. ಎಷ್ಟೋ ಸಲ ಅಪ್ಪ ಹೊಲದಲ್ಲಿ ಹೇಳಿಕೊಟ್ಟ ಹೆಸರೊಂದು ಆಗ ಹೊರಬರುತ್ತದೆ, ಅದರ ಹಿಂದೆಯೇ ಅಪ್ಪನೂ ಮಾತಿಗೆ ಬರುತ್ತಾನೆ. ಗೀಜಗನ ಗೂಡು ಕಂಡರೆ ಅರ್ಧಕ್ಕೆ ಬಿಟ್ಟ ಗೂಡುಗಳನ್ನೂ ತೋರಿಸಿರಿ. ಗಂಡು ಹಕ್ಕಿ ಹೆಣೆಯುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪದಿದ್ದರೆ ಗಂಡು ಬೇರೊಂದನ್ನು ತೊಡಗುತ್ತದೆ. ಇದರಿಂದ ನೀತಿ ಹೇಳಹೋಗಬೇಡಿ; ನೋಡಿದ್ದನ್ನು ಮಕ್ಕಳು ತಮಗೆ ಬೇಕಾದಂತೆ ಉಪಯೋಗಿಸಿಕೊಳ್ಳುತ್ತಾರೆ.

ಮಕ್ಕಳ ರಕ್ಷಣೆಯ ವಿಷಯದಲ್ಲಿ ಸಂಕೋಚ ಸಲ್ಲದು. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಕರೆದೊಯ್ಯಬಾರದು. ಬಾಲಮಂದಿರಗಳ ಮಕ್ಕಳಾದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಬೇಕು. ಒಬ್ಬ ಸ್ವಯಂಸೇವಕ ಒಂದು ಮಗುವಿನೊಡನೆ ಒಂಟಿಯಾಗಿರಬಾರದು. ಯಾವಾಗಲೂ ಇಬ್ಬರು ಹಿರಿಯರಿರಲಿ, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಹೊಳೆದಂಡೆಯಲ್ಲಿ ನೀರಿನಿಂದ ದೂರ ನಿಲ್ಲಬೇಕು. ೨೦೦೯ರ ಅಕ್ಟೋಬರಿನ ಪ್ರವಾಹವನ್ನು ಕಂಡ ಈ ಜಿಲ್ಲೆಗೆ ಇದನ್ನು ವಿವರಿಸಬೇಕಿಲ್ಲ. ಮಕ್ಕಳ ಭಾವಚಿತ್ರ, ಅವರ ಮನೆಯ ಕಥೆ ಹೊರಗೆ ಹೋಗಬಾರದು. ತಿಂಗಳುಗಟ್ಟಲೆ ಊಟ ನಿದ್ದೆ ಬಿಟ್ಟ, ಯಾರೊಡನೆಯೂ ಸೇರದ, ತಾನೂ ಸಾಯಬೇಕೆನ್ನುವ ಮಗುವಿಗೆ ಹಕ್ಕಿಗಳು ಸಾಲವು. ಜಿಲ್ಲಾ ಆಸ್ಪತ್ರೆಯ ಮಾನಸಿಕ ವೈದ್ಯರನ್ನು ಕೂಡಲೇ ಕಾಣಬೇಕು. ೨೦೨೨ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ದೂರವಾಣಿ ೧೪೪೧೬, ಮಕ್ಕಳ ಸಹಾಯವಾಣಿ ೧೦೯೮, ಎರಡಕ್ಕೂ ಶುಲ್ಕವಿಲ್ಲ.

ಕೋವಿಡ್ ಕಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ರಾಜ್ಯ ಸರ್ಕಾರ ೨೦೨೧ರಲ್ಲಿ ಬಾಲಸೇವಾ ಯೋಜನೆಯನ್ನು ಪ್ರಕಟಿಸಿ, ತಿಂಗಳಿಗೆ ೩,೫೦೦ ರೂಪಾಯಿಗಳ ನೆರವನ್ನು ಗೊತ್ತುಮಾಡಿತು. ಅಂಥ ನೆರವು ಅಗತ್ಯ. ಹಸಿದ ಮಗುವಿಗೆ ಹಕ್ಕಿ ತೋರಿಸಿ ಪ್ರಯೋಜನವಿಲ್ಲ. ಆದರೆ ಸರ್ಕಾರ ಕೊಡಲಾರದ ಒಂದು ವಸ್ತುವಿದೆ: ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಹಿರಿಯ ಸ್ನೇಹಿತ. ಅದನ್ನು ಕೊಡಬಲ್ಲ ಶಿಕ್ಷಕರು, ನಿವೃತ್ತರು, ಕಾಲೇಜಿನ ತರುಣ ತರುಣಿಯರು ರಾಯಚೂರಿನಲ್ಲಿಯೂ ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ಇದ್ದಾರೆ. ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೆ, ಈ ವರ್ಷ ಅಪ್ಪನ ಹೆಸರಿನ ಹಿಂದೆ "ದಿವಂಗತ" ಎಂದು ಬರೆಸಿದ ಒಂದಿಬ್ಬರು ಮಕ್ಕಳು ಸಿಕ್ಕಾರು. ಅಲ್ಲಿಂದ ಪ್ರಾರಂಭಿಸಬಹುದು.